ಒತ್ತಿದ್ದಕ್ಕೆ ಆ್ಯಪ್ ‘ಹೂಂ’ ಅನ್ನಲಿ: ಮೊಬೈಲ್ ಆ್ಯಪ್‌ಗೆ ಲೋಡರ್ ಹಾಕುವ ಬಗೆ

“ಬಟನ್ ಒತ್ತಿದ ಮೇಲೆ ಗಿರಗಿರ ತಿರುಗುತ್ತಲ್ಲ, ಆ ಚಕ್ರ ಹೆಂಗ ಹಾಕೋದು?” ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದ ಆ್ಯಪ್ ಮಾಡಲು ಕಲಿಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಚಕ್ರ ಹಾಕುವುದು ಒಂದೇ ಸಾಲಿನ ಕೆಲಸ. ಅದಾದ ಎರಡು ದಿನಕ್ಕೆ ಬರುವ ಪ್ರಶ್ನೆಗಳೇ ಜಾಸ್ತಿ. ಚಕ್ರ ನಿಲ್ಲುವುದೇ ಇಲ್ಲ ಅಂತ ಒಬ್ಬರು, ಮಿಣುಕಿ ಮಾಯವಾಗುತ್ತದೆ ಅಂತ ಇನ್ನೊಬ್ಬರು, ಚಕ್ರ ತಿರುಗುತ್ತಿರುವಾಗಲೂ ಎರಡು ಆರ್ಡರ್ ಬಿತ್ತು ಅಂತ ಮತ್ತೊಬ್ಬರು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಫೋನಿನಲ್ಲಿ ಮಾತಾಡುವಾಗ ಆಚೆಯವರು ‘ಹೂಂ’ ಅನ್ನದಿದ್ದರೆ ನಾವೇನು ಮಾಡುತ್ತೇವೆ? “ಹಲೋ, ಹಲೋ, ಕೇಳ್ತದಾ?” ಅಂತ ಕೂಗುತ್ತೇವೆ. ಆ್ಯಪ್ ಮುಂದೆ ಹಾಗೆ ಕೂಗಲು ಬರುವುದಿಲ್ಲ. ಮತ್ತೆ ಒತ್ತುತ್ತೇವೆ. ಲೋಡರ್ ಅಂದರೆ ಆ್ಯಪ್ ಹೇಳುವ ‘ಹೂಂ’. ಅಂದಚಂದದ ಮಾತು ಆಮೇಲೆ.

ಉದಾಹರಣೆಗೆ ಒಂದು ಆ್ಯಪ್ ಇಟ್ಟುಕೊಳ್ಳೋಣ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದಕ್ಕೆ ಅಂಗಡಿಯವರು ಫೋನಿನಿಂದಲೇ ಆರ್ಡರ್ ಕೊಡುವ ಆ್ಯಪ್. ಅದರಲ್ಲಿ ಪ್ಯಾಂಟುಗಳ ಪಟ್ಟಿ ಇದೆ, ಆರ್ಡರ್ ಬಟನ್ ಇದೆ, ಸ್ಯಾಂಪಲ್ ಫೋಟೊ ಕಳಿಸುವ ಜಾಗ ಇದೆ. ಲೋಡರ್ ವಿಷಯ ಕಲಿಯಲು ಈ ಮೂರು ಸಾಕು.

ಏನೇನು ಬೇಕು

ಈ ಲೇಖನ ಫ್ಲಟರ್‌ನಲ್ಲಿ ಆ್ಯಪ್ ಮಾಡುವವರಿಗೆ. ಫ್ಲಟರ್ ಅಂದರೆ ಗೂಗಲ್‌ನ ಟೂಲ್‌ಕಿಟ್. ಡಾರ್ಟ್ ಭಾಷೆಯಲ್ಲಿ ಒಮ್ಮೆ ಕೋಡ್ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತದೆ. ವಿಜೆಟ್ ಅಂದರೇನು, ಸೆಟ್‌ಸ್ಟೇಟ್ ಅಂದರೇನು ಅನ್ನುವಷ್ಟು ಗೊತ್ತಿದ್ದರೆ ಸಾಕು. ಗೊತ್ತಿಲ್ಲದವರಿಗೆ ಚುಟುಕಾಗಿ: ಪರದೆಯ ಮೇಲೆ ಕಾಣುವ ಒಂದೊಂದು ತುಂಡೂ ವಿಜೆಟ್. ‘ಡೇಟಾ ಬದಲಾಗಿದೆ, ಮತ್ತೆ ಬರೆ’ ಅಂತ ಫ್ಲಟರ್‌ಗೆ ಹೇಳುವುದು ಸೆಟ್‌ಸ್ಟೇಟ್. ಇಲ್ಲಿ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಎರಡಕ್ಷರ ಹಾಕಿದರೆ ಉಳಿದದ್ದನ್ನು ಅದೇ ತೋರಿಸುತ್ತದೆ.

ಲ್ಯಾಪ್‌ಟಾಪ್ ಜೊತೆಗೆ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಖಂಡಿತ ಬೇಕು. ಮನೆಯಲ್ಲಿ ಯಾರೋ ಬಿಟ್ಟುಕೊಟ್ಟ, 2 ಜಿಬಿ ರ್ಯಾಮ್ ಇರುವ ಫೋನ್ ಆದರೆ ಇನ್ನೂ ಒಳ್ಳೆಯದು. ಹೊಸ ಫೋನಿನಲ್ಲಿ ಯಾವ ಲೋಡರ್ ಹಾಕಿದರೂ ಚೆನ್ನಾಗಿಯೇ ಕಾಣುತ್ತದೆ, ತಪ್ಪು ಗೊತ್ತಾಗುವುದೇ ಇಲ್ಲ.

ಹಂತ 1: ಎಷ್ಟು ಹೊತ್ತು ಕಾಯಬೇಕು, ಅಳೆಯಿರಿ

ಎಲ್ಲ ಕಡೆಗೂ ಒಂದೇ ಚಕ್ರ ಹಾಕಬೇಡಿ. ಮೊದಲು ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಡಾರ್ಟ್‌ನಲ್ಲಿ ಸ್ಟಾಪ್‌ವಾಚ್ ಅಂತಲೇ ಒಂದು ಕ್ಲಾಸ್ ಇದೆ. ಸರ್ವರ್‌ಗೆ ಕೇಳುವ ಮೊದಲು ಶುರು ಮಾಡಿ, ಉತ್ತರ ಬಂದ ಮೇಲೆ ನಿಲ್ಲಿಸಿ, ಪ್ರಿಂಟ್ ಮಾಡಿ. ಹತ್ತು ಸಲ ಮಾಡಿ. ಮನೆಯ ವೈಫೈನಲ್ಲಿ ಐದು, ಮೊಬೈಲ್ ಡೇಟಾದಲ್ಲಿ ಐದು.

ವೆಬ್‌ಸೈಟ್, ಆ್ಯಪ್‌ಗಳ ಬಳಕೆ ಸುಲಭವಾಗುವುದು ಹೇಗೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1993ರಲ್ಲಿ ಹೇಳಿದ ಮೂರು ಅಳತೆ ಇವತ್ತಿಗೂ ಬಳಕೆಯಲ್ಲಿದೆ. 0.1 ಸೆಕೆಂಡಿನೊಳಗೆ ಆದರೆ ಒತ್ತಿದ ತಕ್ಷಣ ಆಯಿತು ಅನಿಸುತ್ತದೆ. 1 ಸೆಕೆಂಡ್‌ವರೆಗೆ ತಡ ಗೊತ್ತಾಗುತ್ತದೆ, ಆದರೆ ಯೋಚನೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ನಮ್ಮ ಕೆಲಸಕ್ಕೆ ಇದನ್ನು ಹೀಗೆ ಇಳಿಸಿಕೊಳ್ಳಬಹುದು. ಅರ್ಧ ಸೆಕೆಂಡಿನೊಳಗೆ ಮುಗಿಯುವುದಕ್ಕೆ ಲೋಡರ್ ಬೇಡ. ಒಂದೆರಡು ಸೆಕೆಂಡಿಗೆ ಚಕ್ರ ಸಾಕು. ಪಟ್ಟಿ, ಫೋಟೊ ತುಂಬುವ ಪೇಜಿಗೆ ಸ್ಕೆಲಿಟನ್, ಅಂದರೆ ಬರಲಿರುವ ಪೇಜಿನ ಆಕಾರದಲ್ಲೇ ಇರುವ ಬೂದು ಚೌಕಗಳು. ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಹಿಡಿಯುವ ಅಪ್‌ಲೋಡ್, ಡೌನ್‌ಲೋಡ್‌ಗೆ ಎಷ್ಟು ಆಯಿತು ಅಂತ ತೋರಿಸುವ ಪ್ರೋಗ್ರೆಸ್ ಬಾರ್.

ಹಂತ 2: ಸ್ಟೇಟ್ ಎಷ್ಟು ಅಂತ ಬರೆದುಕೊಳ್ಳಿ

ಹೊಸಬರು ‘ಲೋಡಿಂಗ್’ ಅಂತ ಒಂದು ಬೂಲ್ ಇಟ್ಟುಕೊಳ್ಳುತ್ತಾರೆ. ಬೂಲ್ ಅಂದರೆ ಹೌದು ಅಥವಾ ಇಲ್ಲ, ಎರಡೇ ಬೆಲೆ ಇರುವ ವೇರಿಯಬಲ್. ಎಡವುವುದು ಅಲ್ಲೇ. ಒಂದು ಪೇಜಿಗೆ ಸ್ಟೇಟ್, ಅಂದರೆ ಆ ಹೊತ್ತಿನ ಸ್ಥಿತಿ, ಕೊನೇಪಕ್ಷ ನಾಲ್ಕು ಇರುತ್ತದೆ: ಲೋಡ್ ಆಗುತ್ತಿದೆ, ಡೇಟಾ ಬಂತು, ಡೇಟಾ ಬಂತು ಆದರೆ ಖಾಲಿ, ಕೆಟ್ಟಿತು.

ಮೂರನೆಯದನ್ನು ಮರೆಯುವವರೇ ಜಾಸ್ತಿ. ಹೊಸ ಅಂಗಡಿಯವರು ಮೊದಲ ಸಲ ‘ನನ್ನ ಆರ್ಡರ್‌ಗಳು’ ತೆರೆಯುತ್ತಾರೆ ಅಂದುಕೊಳ್ಳಿ. ಒಂದೂ ಆರ್ಡರ್ ಇಲ್ಲ. ನಿಮ್ಮ ಕೋಡ್ ‘ಪಟ್ಟಿ ಖಾಲಿ ಇದ್ದರೆ ಚಕ್ರ ತೋರಿಸು’ ಅಂತಿದೆ. ಚಕ್ರ ಸಂಜೆತನಕ ತಿರುಗುತ್ತದೆ. ನಿಮ್ಮ ಫೋನಿನಲ್ಲಿ ಟೆಸ್ಟ್ ಆರ್ಡರ್‌ಗಳು ತುಂಬಿರುವುದರಿಂದ ನಿಮಗೆ ಇದು ಕಾಣುವುದೇ ಇಲ್ಲ. ‘ಚಕ್ರ ನಿಲ್ಲುವುದಿಲ್ಲ’ ಅಂತ ಯಾರಾದರೂ ಹೇಳಿದರೆ ಮೊದಲು ಇಲ್ಲಿ ನೋಡಿ.

ಡಾರ್ಟ್‌ನಲ್ಲಿ ಎನಮ್ ಬಳಸಿ ನಾಲ್ಕಕ್ಕೂ ಹೆಸರಿಡಿ. ಎನಮ್ ಅಂದರೆ ಇಷ್ಟೇ ಬೆಲೆ ಇರಬಹುದು ಅಂತ ಮೊದಲೇ ಕಟ್ಟಿಟ್ಟ ಪಟ್ಟಿ. ಬಿಲ್ಡ್, ಅಂದರೆ ಪರದೆಯನ್ನು ಬರೆಯುವ ಫಂಕ್ಷನ್, ಅದರೊಳಗೆ ಸ್ವಿಚ್ ಹಾಕಿ ನಾಲ್ಕಕ್ಕೂ ಬೇರೆ ಬೇರೆ ವಿಜೆಟ್ ಕೊಡಿ. ಒಂದನ್ನು ಬಿಟ್ಟರೆ ಎಡಿಟರೇ ತಕರಾರು ಮಾಡುತ್ತದೆ.

ಹಂತ 3: ಬಟನ್‌ನಿಂದ ಶುರು ಮಾಡಿ

ಆ್ಯಪ್‌ನಲ್ಲಿ ಒಂದೇ ಒಂದು ಲೋಡರ್ ಹಾಕಲು ಟೈಮಿದೆ ಅಂದರೆ ಇಲ್ಲಿ ಹಾಕಿ. ನಾನು ಮೊದಲು ಮಾಡಿದ ಆರ್ಡರ್ ಆ್ಯಪ್‌ನಲ್ಲಿ ಬಟನ್‌ಗೆ ಏನೂ ಹಾಕಿರಲಿಲ್ಲ. ನೆಟ್ ನಿಧಾನ ಇದ್ದ ದಿನ ಒಬ್ಬ ಅಂಗಡಿಯವರು ನಾಲ್ಕು ಸಲ ಒತ್ತಿದರು. 60 ಪೀಸ್ ಬೇಕಿತ್ತು, 240ರ ಆರ್ಡರ್ ಬಿತ್ತು. ಕಟಿಂಗ್ ಮಾಡುವ ಮೊದಲು ಫೋನ್ ಮಾಡಿ ಕೇಳಿದ್ದರಿಂದ ಬಚಾವ್.

ಹೀಗೆ ಮಾಡಿ. ಬಟನ್ ಒತ್ತಿದ ಕೂಡಲೇ, ಸರ್ವರ್‌ಗೆ ಕೇಳುವುದಕ್ಕೂ ಮೊದಲು, ‘ಕಳಿಸುತ್ತಿದೆ’ ಅನ್ನುವ ಬೂಲ್ ಅನ್ನು ಹೌದು ಮಾಡಿ ಸೆಟ್‌ಸ್ಟೇಟ್ ಕರೆಯಿರಿ. ಅದು ಹೌದು ಆಗಿರುವಾಗ ಬಟನ್‌ನ ಆನ್‌ಪ್ರೆಸ್ಡ್‌ಗೆ ನಲ್ ಕೊಡಿ. ನಲ್ ಅಂದರೆ ‘ಏನೂ ಇಲ್ಲ’. ಆನ್‌ಪ್ರೆಸ್ಡ್ ನಲ್ ಆದ ಬಟನ್ ಒತ್ತಿದರೂ ಕೆಲಸ ಮಾಡುವುದಿಲ್ಲ, ತಾನೇ ಬೂದು ಬಣ್ಣಕ್ಕೆ ತಿರುಗುತ್ತದೆ. ಬಟನ್ ಒಳಗಿನ ‘ಆರ್ಡರ್ ಕಳಿಸಿ’ ಅನ್ನುವ ಬರಹದ ಜಾಗದಲ್ಲಿ ಸರ್ಕ್ಯುಲರ್ ಪ್ರೋಗ್ರೆಸ್ ಇಂಡಿಕೇಟರ್ ಇಡಿ. ನಾವು ಇಷ್ಟು ಹೊತ್ತು ಚಕ್ರ ಅನ್ನುತ್ತಿದ್ದ ವಿಜೆಟ್‌ನ ಪೂರ್ತಿ ಹೆಸರು ಅದು.

ಬಟನ್ ಒಳಗೆ ಅದು ದೊಡ್ಡದಾಗುತ್ತದೆ. ಸೈಜ್ಡ್‌ಬಾಕ್ಸ್ ಒಳಗೆ ಹಾಕಿ ಉದ್ದ ಅಗಲ ಎರಡನ್ನೂ 20 ಕೊಡಿ. ಸ್ಟ್ರೋಕ್‌ವಿಡ್ತ್, ಅಂದರೆ ಗೆರೆಯ ದಪ್ಪ, 4ರಿಂದ 2ಕ್ಕೆ ಇಳಿಸಿ. ಬಟನ್‌ಗೂ ಅಗಲ ಗೊತ್ತುಮಾಡಿ. ಇಲ್ಲದಿದ್ದರೆ ಬರಹ ಹೋಗಿ ಚಕ್ರ ಬಂದಾಗ ಬಟನ್ ಕುಗ್ಗುತ್ತದೆ, ಪಕ್ಕದಲ್ಲಿದ್ದ ‘ರದ್ದು’ ಬಟನ್ ಬೆರಳಿನ ಕೆಳಗೆ ಬಂದು ಕೂರುತ್ತದೆ. ಬಣ್ಣವನ್ನೂ ನೋಡಿಕೊಳ್ಳಿ. ನೀವೇ ಬಣ್ಣ ಕೊಡದಿದ್ದರೆ ಚಕ್ರ ಆ್ಯಪ್‌ನ ಮುಖ್ಯ ಬಣ್ಣ ತೆಗೆದುಕೊಳ್ಳುತ್ತದೆ. ಬಂದ್ ಆದ ಬಟನ್‌ಗೂ ಬೂದು ಬದಲು ನೀವು ಅದೇ ಬಣ್ಣ ಕೊಟ್ಟಿದ್ದರೆ ನೀಲಿ ಮೇಲೆ ನೀಲಿ, ತಿರುಗುತ್ತಿದ್ದರೂ ಕಾಣುವುದಿಲ್ಲ.

ಕೆಲಸ ಮುಗಿದ ಮೇಲೆ ಬೂಲ್ ಅನ್ನು ಮತ್ತೆ ‘ಇಲ್ಲ’ ಮಾಡಬೇಕು. ಇದನ್ನು ಟ್ರೈ ಒಳಗೆ ಬರೆಯಬೇಡಿ, ಫೈನಲಿ ಒಳಗೆ ಬರೆಯಿರಿ. ಟ್ರೈ ಒಳಗಿನದ್ದು ನಡುವೆ ಎರರ್ ಬಂದರೆ ಅರ್ಧಕ್ಕೇ ನಿಲ್ಲುತ್ತದೆ. ಫೈನಲಿ ಒಳಗಿನದ್ದು ಎರರ್ ಬರಲಿ ಬಿಡಲಿ ನಡೆಯುತ್ತದೆ. ಅದಕ್ಕೂ ಮುಂಚೆ ‘ಮೌಂಟೆಡ್’ ಹೌದಾ, ಅಂದರೆ ಪೇಜ್ ಇನ್ನೂ ಇದೆಯಾ ಅಂತ ಕೇಳಿ. ಉತ್ತರ ಬರುವಷ್ಟರಲ್ಲಿ ಬಳಸುವವರು ಬ್ಯಾಕ್ ಒತ್ತಿ ಹೋಗಿರಬಹುದು. ಇಲ್ಲದ ಪೇಜಿನ ಮೇಲೆ ಸೆಟ್‌ಸ್ಟೇಟ್ ಕರೆದರೆ ಎರರ್.

ಇಷ್ಟಕ್ಕೇ ಡಬಲ್ ಆರ್ಡರ್ ಪೂರ್ತಿ ನಿಲ್ಲುತ್ತದಾ? ಇಲ್ಲ. ಆರ್ಡರ್ ಸರ್ವರ್‌ಗೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಅದಕ್ಕೆ ಆರ್ಡರ್ ಪೇಜ್ ತೆರೆದಾಗಲೇ ಒಂದು ಗುರುತಿನ ನಂಬರ್ ಹುಟ್ಟಿಸಿ, ಪ್ರತಿ ಪ್ರಯತ್ನದಲ್ಲೂ ಅದೇ ನಂಬರ್ ಕಳಿಸಿ. ಸರ್ವರ್ ಕಡೆ ‘ಈ ನಂಬರ್ ಈಗಾಗಲೇ ಬಂದಿದ್ದರೆ ಹೊಸ ಆರ್ಡರ್ ಮಾಡಬೇಡ, ಹಳೆಯ ಉತ್ತರವನ್ನೇ ಕೊಡು’ ಅಂತ ಬರೆಸಿ. ಲೋಡರ್ ಲೇಖನದಲ್ಲಿ ಸರ್ವರ್ ಮಾತು ಯಾಕೆ ಅನ್ನಬೇಡಿ. ಚಕ್ರ ತೋರಿಸಿಬಿಟ್ಟರೆ ಮುಗೀತು ಅಂದುಕೊಂಡು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಪರದೆ ಪೂರ್ತಿ ಮುಚ್ಚುವ ಲೋಡರ್ ಬಗ್ಗೆ ಒಂದು ಮಾತು. ಶೋಡಯಲಾಗ್ ಬಳಸಿ ಚಕ್ರ ತೋರಿಸುವುದು, ಉತ್ತರ ಬಂದಾಗ ನ್ಯಾವಿಗೇಟರ್ ಪಾಪ್ ಕರೆದು ತೆಗೆಯುವುದು ತುಂಬಾ ಕಡೆ ಕಾಣುತ್ತದೆ. ಬಳಸುವವರು ನಡುವೆ ಬ್ಯಾಕ್ ಒತ್ತಿದರೆ ಡಯಲಾಗ್ ಮೊದಲೇ ಹೋಗಿರುತ್ತದೆ. ಆಮೇಲೆ ನಿಮ್ಮ ಪಾಪ್ ಕೆಳಗಿನ ಪೇಜನ್ನೇ ಕಿತ್ತುಹಾಕುತ್ತದೆ. ‘ಆ್ಯಪ್ ತಾನಾಗೇ ಹಿಂದಕ್ಕೆ ಹೋಗ್ತದೆ’ ಅನ್ನುವ ದೂರಿನ ಮೂಲ ಇದು. ಹಣ ಕಟ್ಟುವಂಥ ಕಡೆ ಬಿಟ್ಟು ಬೇರೆಲ್ಲೂ ಪೂರ್ತಿ ಪರದೆ ಮುಚ್ಚಬೇಡಿ. ಮುಚ್ಚಲೇಬೇಕಾದರೆ ಪಾಪ್‌ಸ್ಕೋಪ್ ಹಾಕಿ ಬ್ಯಾಕ್ ತಡೆಯಿರಿ.

ಹಂತ 4: ಪಟ್ಟಿ ಬರುವ ಪೇಜು

ಪ್ಯಾಂಟುಗಳ ಪಟ್ಟಿ ಸರ್ವರ್‌ನಿಂದ ಬರಬೇಕು. ಇದಕ್ಕೆ ಫ್ಯೂಚರ್‌ಬಿಲ್ಡರ್ ಇದೆ. ಫ್ಯೂಚರ್ ಅಂದರೆ ಈಗ ಇಲ್ಲ, ಆಮೇಲೆ ಬರುತ್ತದೆ ಅನ್ನುವ ಬೆಲೆ. ಬರುವ ತನಕ ಏನು ತೋರಿಸಬೇಕು, ಬಂದ ಮೇಲೆ ಏನು, ಕೆಟ್ಟರೆ ಏನು ಅಂತ ಫ್ಯೂಚರ್‌ಬಿಲ್ಡರ್‌ಗೆ ಹೇಳಿಬಿಟ್ಟರೆ ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ಇಲ್ಲಿ ಎಡವುವ ಜಾಗ ಎರಡಿವೆ. ಸರ್ವರ್‌ಗೆ ಕೇಳುವ ಫಂಕ್ಷನ್ನನ್ನು ಬಿಲ್ಡ್ ಒಳಗೇ ಕರೆಯುವುದು ಮೊದಲನೆಯದು. ಬಿಲ್ಡ್ ಯಾವಾಗ ಬೇಕಾದರೂ ಮತ್ತೆ ನಡೆಯಬಹುದು, ಕೀಬೋರ್ಡ್ ಮೇಲೆ ಬಂದರೂ ಸಾಕು. ನಡೆದಾಗಲೆಲ್ಲ ಹೊಸದಾಗಿ ಸರ್ವರ್‌ಗೆ ಕೇಳುತ್ತದೆ, ಚಕ್ರ ಮತ್ತೆ ಬರುತ್ತದೆ. ಫಂಕ್ಷನ್ನನ್ನು ಇನಿಟ್‌ಸ್ಟೇಟ್‌ನಲ್ಲಿ, ಅಂದರೆ ಪೇಜ್ ಹುಟ್ಟುವಾಗ ಮಾತ್ರ ನಡೆಯುವ ಜಾಗದಲ್ಲಿ, ಒಂದೇ ಸಲ ಕರೆದು, ಸಿಕ್ಕ ಫ್ಯೂಚರ್ ಅನ್ನು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಅದನ್ನೇ ಕೊಡಿ. ಬದಲಿಸಿದ್ದು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಓಡುತ್ತಿರುವ ಆ್ಯಪ್‌ಗೇ ಹೊಸ ಕೋಡ್ ತುಂಬುವ ಹಾಟ್ ರಿಲೋಡ್ ಇನಿಟ್‌ಸ್ಟೇಟ್ ಅನ್ನು ಮತ್ತೆ ನಡೆಸುವುದಿಲ್ಲ, ಆ್ಯಪ್ ಮೊದಲಿಂದ ಶುರುವಾಗುವ ಹಾಟ್ ರಿಸ್ಟಾರ್ಟ್ ಮಾಡಬೇಕು.

ಎರಡನೆಯದು ನಗು ತರಿಸುವಂಥದ್ದು. ಲಿಸ್ಟ್‌ವ್ಯೂ ಒಳಗೆ ಚಕ್ರವನ್ನು ಹಾಗೇ ಇಟ್ಟರೆ ಅದು ಪರದೆಯ ಅಗಲಕ್ಕೆ ಹಿಗ್ಗುತ್ತದೆ. ಇಡ್ಲಿ ಹಾಗೆ ದುಂಡಗೆ ಇರಬೇಕಾದ್ದು ಮಿರ್ಚಿ ಹಾಗೆ ಉದ್ದವಾಗುತ್ತದೆ. ಸುತ್ತ ಒಂದು ಸೆಂಟರ್ ವಿಜೆಟ್ ಹಾಕಿ, ಸರಿಹೋಗುತ್ತದೆ.

ಹಂತ 5: ಚಕ್ರ ತೆಗೆದು ಸ್ಕೆಲಿಟನ್

ಪಟ್ಟಿಯ ಪೇಜಿಗೆ ಚಕ್ರಕ್ಕಿಂತ ಸ್ಕೆಲಿಟನ್ ವಾಸಿ ಅಂತ ನನ್ನ ಅಭಿಪ್ರಾಯ. ಏನು ಬರಲಿದೆ ಅಂತ ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ. ಎಡಗಡೆ ಫೋಟೊ ಜಾಗಕ್ಕೆ ಚೌಕ, ಪಕ್ಕದಲ್ಲಿ ಹೆಸರಿಗೆ ಉದ್ದ ಬೂದು ಪಟ್ಟಿ, ಕೆಳಗೆ ರೇಟಿಗೆ ಗಿಡ್ಡ ಬೂದು ಪಟ್ಟಿ. ಅದರ ಮೇಲೆ ಬೆಳಕು ಹಾದುಹೋದಂತೆ ಕಾಣಲು ಶಿಮ್ಮರ್ ಅನ್ನುವ ಪ್ಯಾಕೇಜ್ ಇದೆ. ಪ್ಯಾಕೇಜ್ ಅಂದರೆ ಬೇರೆಯವರು ಬರೆದು ಹಂಚಿದ ಕೋಡ್. ಪಬ್‌ಸ್ಪೆಕ್ ಫೈಲ್‌ಗೆ ಸೇರಿಸಿದರೆ ಬಳಸಲು ಸಿಗುತ್ತದೆ.

ಕೈಯಿಂದ ಒಂದು ಸಾಲು ಮಾಡೋಣ. ನಿಮ್ಮ ನಿಜವಾದ ಸಾಲಿನಲ್ಲಿ ಫೋಟೊ 72ಕ್ಕೆ 72 ಇದ್ದರೆ, ಸ್ಕೆಲಿಟನ್ ಚೌಕವೂ 72ಕ್ಕೆ 72. ಮಧ್ಯೆ 12 ಜಾಗ ಇದ್ದರೆ ಇಲ್ಲೂ 12. ಹೆಸರಿನ ಅಕ್ಷರದ ಎತ್ತರ 16 ಆದರೆ ಬೂದು ಪಟ್ಟಿಯ ಎತ್ತರ 16, ಆದರೆ ಆ ಬರಹದ ಸಾಲಿನ ಒಟ್ಟು ಎತ್ತರ 24 ಬರುವಂತೆ ಮೇಲೆ ಕೆಳಗೆ ಜಾಗ ಬಿಡಿ. ಕನ್ನಡದಲ್ಲಿ ಇದು ಮುಖ್ಯ. ‘ಕೌಲ್ ಬಜಾರ್ ಸ್ಟ್ರೆಚ್’ ಅಂತ ಮಾಲಿನ ಹೆಸರು ಬಂದರೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಂಗ್ಲಿಷ್ ಸಾಲಿಗಿಂತ ಜಾಸ್ತಿ ಎತ್ತರ ಬೇಕು. ಅಳತೆ ಹೊಂದದಿದ್ದರೆ ಡೇಟಾ ಬಂದ ಕ್ಷಣ ಇಡೀ ಪಟ್ಟಿ ಕೆಳಗೆ ಜಿಗಿಯುತ್ತದೆ. ಅಷ್ಟೊತ್ತಿಗೆ ಯಾರಾದರೂ ಒತ್ತಲು ಹೋಗಿದ್ದರೆ ಒಂದು ಮಾಲಿನ ಬದಲು ಇನ್ನೊಂದು ತೆರೆಯುತ್ತದೆ.

ಶಿಮ್ಮರ್ ಅನ್ನು ಸಾಲು ಸಾಲಿಗೂ ಸುತ್ತಬೇಡಿ. ಇಡೀ ಪಟ್ಟಿಗೆ ಹೊರಗಡೆ ಒಂದೇ ಶಿಮ್ಮರ್ ಸುತ್ತಿ. ಬೆಳಕು ಒಟ್ಟಿಗೆ ಹಾಯುತ್ತದೆ, ಹಳೆಯ ಫೋನಿಗೆ ಭಾರವೂ ಕಮ್ಮಿ. ಒಂದು ಸಲ ಬೆಳಕು ಹಾಯಲು ಒಂದೂವರೆ ಸೆಕೆಂಡ್ ಸರಿಯಾದ ವೇಗ. ಅದಕ್ಕಿಂತ ಬೇಗ ಮಾಡಿದರೆ ಮದುವೆ ಮನೆಯ ಸೀರಿಯಲ್ ಸೆಟ್ ಹಾಗೆ ಕಾಣುತ್ತದೆ.

ಪೇಜನ್ನು ಕೆಳಗೆ ಎಳೆದು ರಿಫ್ರೆಶ್ ಮಾಡಿದಾಗ ಸ್ಕೆಲಿಟನ್ ತೋರಿಸಬೇಡಿ. ಇದ್ದ ಪಟ್ಟಿ ಹಾಗೇ ಇರಲಿ, ಮೇಲೆ ಚಿಕ್ಕ ಚಕ್ರ ತಿರುಗಲಿ. ಅದಕ್ಕೆ ರಿಫ್ರೆಶ್ ಇಂಡಿಕೇಟರ್ ಅಂತ ಬೇರೆ ವಿಜೆಟ್ಟೇ ಇದೆ. ಕೈಯಲ್ಲಿದ್ದ ರೇಟ್ ಪಟ್ಟಿ ಕಸಿದುಕೊಂಡು ‘ತಡಿ’ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಹಂತ 6: ಮಿಣುಕಿ ಮಾಯವಾಗುವ ಲೋಡರ್

ಉತ್ತರ 0.2 ಸೆಕೆಂಡಿನಲ್ಲಿ ಬಂದರೆ ಲೋಡರ್ ಮಿಣುಕ್ ಅಂದು ಹೋಗುತ್ತದೆ. ಏನೋ ಕೆಟ್ಟಂತೆ ಅನಿಸುತ್ತದೆ. ಕೆಲಸ ಶುರುವಾದ ಮೇಲೆ 300 ಮಿಲಿಸೆಕೆಂಡ್ ಟೈಮರ್ ಇಡಿ, ಅಷ್ಟರೊಳಗೆ ಉತ್ತರ ಬಂದರೆ ಲೋಡರ್ ತೋರಿಸಲೇಬೇಡಿ. ಒಮ್ಮೆ ತೋರಿಸಿದರೆ ಕನಿಷ್ಠ 500 ಮಿಲಿಸೆಕೆಂಡ್ ಇರಲಿ. ಇವು ನಾನು ಬಳಸುವ ಅಂಕಿ, ನಿಮ್ಮ ಆ್ಯಪ್‌ಗೆ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಬಟನ್‌ಗೆ ಮಾತ್ರ ಈ 300ರ ಲೆಕ್ಕ ಬೇಡ. ಬಟನ್ ಒತ್ತಿದ ಕ್ಷಣವೇ ಬಂದ್ ಆಗಬೇಕು.

ಹಂತ 7: ಫೋಟೊ ಕಳಿಸುವಾಗ ಪ್ರೋಗ್ರೆಸ್ ಬಾರ್

ಎಷ್ಟು ಆಯಿತು ಅಂತ ಗೊತ್ತಿದ್ದರೆ ತೋರಿಸಿ. ಪರ್ಸೆಂಟ್ ತೋರಿಸುವ ಗುರುತು ಜನರಿಗೆ ಇಷ್ಟವಾಗುತ್ತದೆ ಅನ್ನುವುದನ್ನು ಕಂಪ್ಯೂಟರ್ ಸಂಶೋಧಕ ಬ್ರ್ಯಾಡ್ ಮೈಯರ್ಸ್ 1985ರಷ್ಟು ಹಿಂದೆಯೇ ತೋರಿಸಿದ್ದರು. ಫ್ಲಟರ್‌ನಲ್ಲಿ ಲೀನಿಯರ್ ಪ್ರೋಗ್ರೆಸ್ ಇಂಡಿಕೇಟರ್‌ನ ವ್ಯಾಲ್ಯೂಗೆ 0ಯಿಂದ 1ರವರೆಗಿನ ಅಂಕಿ ಕೊಡಬೇಕು. ನಲ್ ಕೊಟ್ಟರೆ ಸುಮ್ನೆ ಅತ್ತಿತ್ತ ಓಡುತ್ತಿರುತ್ತದೆ. 45 ಪರ್ಸೆಂಟ್‌ಗೆ 0.45 ಕೊಡಿ. ನೇರವಾಗಿ 45 ಕೊಟ್ಟು ‘ಶುರುವಿನಲ್ಲೇ ಬಾರ್ ತುಂಬಿಬಿಡುತ್ತೆ’ ಅನ್ನುವವರು ಬಹಳ.

ಸರ್ವರ್ ಜೊತೆ ಮಾತಾಡಲು ಡಿಯೊ ಪ್ಯಾಕೇಜ್ ಬಳಸಿದರೆ ಎಷ್ಟು ಬೈಟ್ ಹೋಯಿತು, ಒಟ್ಟು ಎಷ್ಟು ಅಂತ ಎರಡು ಅಂಕಿ ಸಿಗುತ್ತವೆ. ಭಾಗಿಸಿದರೆ ವ್ಯಾಲ್ಯೂ. ಡೌನ್‌ಲೋಡ್ ಮಾಡುವಾಗ ಒಟ್ಟು ಎಷ್ಟು ಅಂತ ಸರ್ವರ್ ಹೇಳದಿದ್ದರೆ ಅಲ್ಲಿ ಮೈನಸ್ 1 ಬರುತ್ತದೆ. ಆಗ ಭಾಗಿಸಲು ಹೋಗದೆ ನಲ್ ಕೊಡಿ.

ಅಪ್‌ಲೋಡ್ 100ಕ್ಕೆ ಬಂದು ಅಲ್ಲೇ ನಿಲ್ಲುವುದನ್ನೂ ನೋಡಿರುತ್ತೀರಿ. ಬೈಟುಗಳು ಫೋನಿನಿಂದ ಹೊರಟವು, ಸರ್ವರ್ ಇನ್ನೂ ಫೋಟೊ ಚಿಕ್ಕದು ಮಾಡಿ ಉಳಿಸಿಕೊಳ್ಳುತ್ತಿದೆ ಅಂತ ಅರ್ಥ. 100 ಆದ ಕೂಡಲೇ ಬಾರ್ ತೆಗೆದು ‘ಫೋಟೊ ಉಳಿಸುತ್ತಿದ್ದೇವೆ’ ಅಂತ ಬರಹ ಹಾಕಿ, ಪಕ್ಕದಲ್ಲಿ ಚಕ್ರ ಇಡಿ.

ಹಂತ 8: ಬೊಂಬೆ ಕುಣಿಸುವ ಆಸೆ ಇದ್ದರೆ ಲಾಟಿ

ಲಾಟಿ ಅಂದರೆ ಅನಿಮೇಷನ್ನನ್ನು ಜೇಸನ್ (ಡೇಟಾವನ್ನು ಬರಹದ ರೂಪದಲ್ಲಿ ಇಡುವ ಬಗೆ) ಫೈಲ್ ಆಗಿ ಇಟ್ಟು, ಫೋನಿನಲ್ಲೇ ಬರೆದು ತೋರಿಸುವ ಲೈಬ್ರರಿ. ಏರ್‌ಬಿಎನ್‌ಬಿ 2017ರಲ್ಲಿ ಹೊರತಂದಿತು. ಆಫ್ಟರ್ ಎಫೆಕ್ಟ್ಸ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಅನಿಮೇಷನ್ನನ್ನು ಬಾಡಿಮೂವಿನ್ ಪ್ಲಗಿನ್‌ನಿಂದ ಜೇಸನ್ ಮಾಡಿಕೊಳ್ಳಬೇಕು. ಜರ್ಮನಿಯಲ್ಲಿ ಕಪ್ಪು ಕಾಗದ ಕತ್ತರಿಸಿ ನೆರಳಿನ ಚಿತ್ರ ಮಾಡುತ್ತಿದ್ದ ಲೋಟೆ ರೈನಿಗರ್ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನೆರಳಿನ ಆಟ ನಮ್ಮ ಕಡೆಗೆ ಹೊಸದೇನಲ್ಲ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯ ಕೈಕಾಲು ಬೇರೆ ಬೇರೆ ತುಂಡು, ಕೀಲು ಇರುವ ಕಡೆ ತಿರುಗುತ್ತವೆ. ಲಾಟಿಯಲ್ಲಿ ಪಾತ್ರ ಮಾಡುವವರೂ ಹೀಗೇ ತುಂಡು ತುಂಡಾಗಿ ಲೇಯರ್ ಮಾಡಿ ಕೀಲು ಇಡುತ್ತಾರೆ.

ಫೈಲ್ 100 ಕೆಬಿ ಒಳಗೆ ಇರಲಿ. ಅದಕ್ಕಿಂತ ದೊಡ್ಡದಿದ್ದರೆ ಒಳಗೆ ಯಾರೋ ಫೋಟೊ ತುರುಕಿರುತ್ತಾರೆ, ತೆರೆದು ನೋಡಿ. ಫೈಲ್ ಆ್ಯಪ್ ಒಳಗೇ ಇರಲಿ. ನೆಟ್‌ನಿಂದ ತರಿಸಿದರೆ ಲೋಡರ್ ಬರಲಿಕ್ಕೇ ಇನ್ನೊಂದು ಲೋಡರ್ ಬೇಕಾಗುತ್ತದೆ. ಅನಿಮೇಷನ್ ಕಂಟ್ರೋಲರ್ ನೀವೇ ಮಾಡಿದ್ದರೆ ಡಿಸ್ಪೋಸ್‌ನಲ್ಲಿ, ಅಂದರೆ ಪೇಜ್ ಹೋಗುವಾಗ ನಡೆಯುವ ಫಂಕ್ಷನ್‌ನಲ್ಲಿ, ಮುಚ್ಚಿ. ಮರೆತರೆ ಪೇಜ್ ಮುಚ್ಚುವಾಗಲೇ ಎರರ್ ಬರುತ್ತದೆ. ಬೇರೆಯವರ ಅನಿಮೇಷನ್ ಎತ್ತಿಕೊಳ್ಳುವ ಮೊದಲು ಲೈಸೆನ್ಸ್ ಓದಿ.

ಲಾಟಿ ಒಳಗೆ ಕನ್ನಡ ಬರಹ ಹಾಕಬೇಡಿ. ಅದು ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂರಿಸುವುದರಿಂದ ಒತ್ತಕ್ಷರ ಒಡೆಯುತ್ತದೆ. ‘ಬಳ್ಳಾರಿ’ ನಮಗೆ ಮೂರಕ್ಷರ: ಬ, ಳ್ಳಾ, ರಿ. ಕಂಪ್ಯೂಟರ್ ಲೆಕ್ಕದಲ್ಲಿ ಏಳು: ಬ, ಳ, ವಿರಾಮದ ಗುರುತು, ಇನ್ನೊಂದು ಳ, ದೀರ್ಘದ ಗುರುತು, ರ, ಗುಡಿಸು. ಒಂದೊಂದಾಗಿ ಅಕ್ಷರ ಮೂಡುವ ಟೈಪ್‌ರೈಟರ್ ಅನಿಮೇಷನ್ ಮಾಡಿದರೂ ಇದೇ ಗತಿ. ಮೊದಲು ‘ಬಳ’, ಆಮೇಲೆ ‘ಬಳ್’, ಆಮೇಲೆ ‘ಬಳ್ಳ’ ಅಂತ ಕುಣಿಯುತ್ತದೆ. ಬರಹವನ್ನು ಫ್ಲಟರ್‌ನ ಟೆಕ್ಸ್ಟ್ ವಿಜೆಟ್‌ನಲ್ಲಿ ಕೆಳಗೆ ಬೇರೆಯಾಗಿ ಇಡಿ. ಅನಿಮೇಷನ್ ಬೇಕೇ ಬೇಕು ಅಂದರೆ ಇಡೀ ಪದ ಮೆಲ್ಲಗೆ ಮೂಡಲಿ.

ಹಂತ 9: ಚಕ್ರ ತಡವರಿಸಿದರೆ

ಲೋಡರ್ ಹಾಕಿದ್ದೀರಿ, ಆದರೆ ತಿರುಗುವ ಬದಲು ಅರ್ಧ ಸುತ್ತಿಗೆ ನಿಂತು ಮತ್ತೆ ಜಿಗಿಯುತ್ತದೆ. ತಪ್ಪು ಲೋಡರ್‌ನದಲ್ಲ. 60 ಹರ್ಟ್ಸ್ ಪರದೆಗೆ ಒಂದೊಂದು ಚಿತ್ರ ಬರೆಯಲು ಸಿಗುವುದು ಸುಮಾರು 16 ಮಿಲಿಸೆಕೆಂಡ್. ನಿಮ್ಮ ಡಾರ್ಟ್ ಕೋಡ್ ನಡೆಯುವುದೂ ಚಿತ್ರ ತಯಾರಾಗುವುದೂ ಒಂದೇ ಸಾಲಿನಲ್ಲಿ. ಅಲ್ಲಿ ಸಾವಿರಾರು ಮಾಲಿನ ಜೇಸನ್ ಒಡೆಯಲು ಕೂತರೆ ಹಿಂದೆ ಚಕ್ರ ಕಾಯುತ್ತಾ ನಿಲ್ಲುತ್ತದೆ. ಫಂಕ್ಷನ್‌ಗೆ ಅಸಿಂಕ್ (ಉತ್ತರಕ್ಕೆ ಕಾಯಬಲ್ಲದು ಅನ್ನುವ ಗುರುತು) ಅಂತ ಬರೆದ ಮಾತ್ರಕ್ಕೆ ಕೆಲಸ ಬೇರೆ ಕಡೆ ಹೋಗುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಭಾರದ ಕೆಲಸವನ್ನು ಕಂಪ್ಯೂಟ್ ಫಂಕ್ಷನ್‌ಗೆ ಕೊಡಿ. ಅದು ಐಸೊಲೇಟ್‌ನಲ್ಲಿ, ಅಂದರೆ ಬೇರೆ ಸಾಲಿನಲ್ಲಿ, ಮಾಡಿ ಉತ್ತರ ತಂದುಕೊಡುತ್ತದೆ.

ಅಳೆಯುವ ಮುನ್ನ ತಪ್ಪು ಹುಡುಕುವ ಡೀಬಗ್ ಮೋಡ್ ಬಿಟ್ಟು, ವೇಗ ಅಳೆಯಲೆಂದೇ ಇರುವ ಪ್ರೊಫೈಲ್ ಮೋಡ್‌ಗೆ ಬನ್ನಿ. ಡೀಬಗ್‌ನಲ್ಲಿ ಎಲ್ಲವೂ ನಿಧಾನ. ಇನ್ನೊಂದು, ಏಪ್ರಿಲ್ ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟಿದಾಗ ಫೋನ್ ಕಾದು, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಸಿ ರೂಮಿನಲ್ಲಿ ನುಣುಪಾಗಿ ತಿರುಗಿದ್ದು ಕೌಂಟರ್ ಮೇಲೆ ತಡವರಿಸಬಹುದು.

ಹಂತ 10: ನಿಲ್ಲುವುದು ಯಾವಾಗ, ಏನು ಹೇಳಬೇಕು

ಲೋಡರ್‌ಗೆ ಕೊನೆ ಇರಲೇಬೇಕು. ಸರ್ವರ್ ಕರೆಗೆ ಟೈಮ್‌ಔಟ್ ಹಾಕಿ, ಅಂದರೆ ಇಷ್ಟು ಹೊತ್ತಿಗೆ ಉತ್ತರ ಬರದಿದ್ದರೆ ಕಾಯುವುದು ಬಿಡು ಅಂತ. ಪಟ್ಟಿಗೆ 15 ಸೆಕೆಂಡ್, ಫೋಟೊಗೆ 60 ಸೆಕೆಂಡ್ ಇಡುತ್ತೇನೆ. ಸೂಕ್ಷ್ಮ ಒಂದಿದೆ. ಡಾರ್ಟ್‌ನ ಟೈಮ್‌ಔಟ್ ಕಾಯುವುದನ್ನು ಬಿಡುತ್ತದೆ ಅಷ್ಟೇ, ಹೋದ ಕರೆಯನ್ನು ವಾಪಸ್ ಕರೆಯುವುದಿಲ್ಲ. ಆರ್ಡರ್ ತಲುಪಿಯೂ ಇರಬಹುದು. ಹಾಗಾಗಿ ‘ಆರ್ಡರ್ ಆಗಲಿಲ್ಲ’ ಅಂತ ಬರೆಯಬೇಡಿ. ‘ನೆಟ್ ನಿಧಾನ ಇದೆ. ಆರ್ಡರ್ ತಲುಪಿತೋ ಇಲ್ಲವೋ ನೋಡುತ್ತಿದ್ದೇವೆ’ ಅಂತ ಹೇಳಿ, ಹಂತ 3ರ ಗುರುತಿನ ನಂಬರ್ ಹಿಡಿದು ಸರ್ವರ್‌ನಲ್ಲಿ ಕೇಳಿ.

ಸಂದೇಶ ಆಡುಮಾತಿಗೆ ಹತ್ತಿರ ಇರಲಿ. ‘ದತ್ತಾಂಶವನ್ನು ಹಿಂಪಡೆಯಲಾಗುತ್ತಿದೆ’ ಅಂತ ಒಂದು ಆ್ಯಪ್‌ನಲ್ಲಿ ನೋಡಿದೆ. ಅಂಗಡಿಯವರಿಗೆ ಹಣ ವಾಪಸ್ ಹೋಗುತ್ತಿದೆ ಅನಿಸಿದರೆ ಆಶ್ಚರ್ಯವಿಲ್ಲ. ‘ಪಟ್ಟಿ ಬರುತ್ತಿದೆ’ ಸಾಕು. ಕೆಟ್ಟಾಗ ‘ಎರರ್ 504’ ಬೇಡ. ‘ಸರ್ವರ್‌ನಿಂದ ಉತ್ತರ ಬರುತ್ತಿಲ್ಲ’ ಅನ್ನಿ, ಕೆಳಗೆ ‘ಮತ್ತೆ ನೋಡಿ’ ಅಂತ ಒಂದು ಬಟನ್ ಕೊಡಿ. ಆ ಬಟನ್‌ಗೂ ಲೋಡರ್ ಬೇಕು, ಮರೆಯಬೇಡಿ.

ಹಂತ 11: ಕಣ್ಣು ಕಾಣದವರು, ತಲೆ ಸುತ್ತುವವರು

ಟಾಕ್‌ಬ್ಯಾಕ್ ಬಳಸುವವರಿಗೆ ಪರದೆಯಲ್ಲಿರುವುದನ್ನು ಫೋನ್ ಓದಿ ಹೇಳುತ್ತದೆ. ಚಕ್ರದಲ್ಲಿ ಓದಲು ಏನಿದೆ? ಸೆಮ್ಯಾಂಟಿಕ್ಸ್ ಲೇಬಲ್‌ಗೆ ‘ಪಟ್ಟಿ ಬರುತ್ತಿದೆ’ ಅಂತ ಬರೆದಿಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನಿಮೇಷನ್ ಬಂದ್ ಮಾಡಿಕೊಂಡವರು ಇರುತ್ತಾರೆ. ಮೀಡಿಯಾಕ್ವೆರಿಯ ಡಿಸೇಬಲ್ ಆ್ಯನಿಮೇಷನ್ಸ್ ಹೌದು ಅಂದರೆ ಶಿಮ್ಮರ್ ತೆಗೆದು ಬರೀ ಬೂದು ಚೌಕ ತೋರಿಸಿ. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿಂಚುವ ಏನನ್ನೂ ಹಾಕಬೇಡಿ. ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಹಂತ 12: ಟೆಸ್ಟ್

ಎಮ್ಯುಲೇಟರ್‌ನ, ಅಂದರೆ ಲ್ಯಾಪ್‌ಟಾಪ್‌ನಲ್ಲೇ ಓಡುವ ನಕಲಿ ಫೋನಿನ, ಸೆಲ್ಯುಲಾರ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕನ್ನು ನಿಧಾನದ ಎಡ್ಜ್‌ಗೆ ಇಳಿಸಿ ಎಲ್ಲ ಪೇಜೂ ಓಡಾಡಿ. ನಿಜವಾದ ಫೋನಿನಲ್ಲಿ 2ಜಿ ಆರಿಸಿಯೂ ನೋಡಬಹುದು. ಜಿಯೋ ಸಿಮ್ ಇದ್ದರೆ ಅದು ಆಗುವುದಿಲ್ಲ, ಅವರಲ್ಲಿ 2ಜಿಯೇ ಇಲ್ಲ. ಲೋಡರ್ ತಿರುಗುತ್ತಿರುವಾಗಲೇ ಫ್ಲೈಟ್ ಮೋಡ್ ಹಾಕಿ, ಬ್ಯಾಕ್ ಒತ್ತಿ, ಫೋನ್ ಅಡ್ಡ ಮಾಡಿ, ಒಂದು ಕಾಲ್ ಬರಲಿ. ಹೊರಗೆ ಬಿಸಿಲಿಗೆ ಹೋಗಿ ಬೂದು ಸ್ಕೆಲಿಟನ್ ಕಾಣುತ್ತದಾ ನೋಡಿ. ತೀರಾ ತಿಳಿ ಬೂದಾದರೆ ಮಧ್ಯಾಹ್ನದ ಬೆಳಕಿನಲ್ಲಿ ಖಾಲಿ ಪರದೆ ಅನಿಸುತ್ತದೆ.

ಲೋಡರ್ ನೋಡಲೆಂದೇ ಕೋಡ್‌ನಲ್ಲಿ ಫ್ಯೂಚರ್ ಡಿಲೇಡ್ ಹಾಕಿ ಮೂರು ಸೆಕೆಂಡ್ ಬೇಕಂತಲೇ ತಡ ಮಾಡಿಸಿರುತ್ತೀರಿ. ಪ್ಲೇ ಸ್ಟೋರ್‌ಗೆ ಹಾಕುವ ಮೊದಲು ಇಡೀ ಪ್ರಾಜೆಕ್ಟ್‌ನಲ್ಲಿ ಆ ಹೆಸರು ಹುಡುಕಿ ತೆಗೆಯಿರಿ. ನನ್ನ ಆ್ಯಪ್ ಒಂದರಲ್ಲಿ ಅದು ಎರಡು ತಿಂಗಳು ಹಾಗೇ ಇತ್ತು. ಸರ್ವರ್ ನಿಧಾನ ಇದೆ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ.